ಬೀಗ ಭದ್ರ, ಬಾಗಿಲು ಬಯಲು

ಲಕ್ಕವಳ್ಳಿಯ ಭದ್ರಾ ಜಲಾಶಯದಿಂದ ಹೊರಟ ನೀರು ನಾಲೆಗುಂಟ ಹರಿದು ಮಲೆಬೆನ್ನೂರಿನ ಸುತ್ತಣ ಗದ್ದೆಗಳನ್ನು ಮುಟ್ಟುವುದಕ್ಕೆ ಮುನ್ನ ಇನ್ನೊಂದು ಅಲ್ಲಿಗೆ ಮುಟ್ಟಿರಬೇಕು. ಅದು ಸುದ್ದಿ. ನೀರು ಎಂದು ಬಿಡುತ್ತಾರೆ, ಎಷ್ಟು ದಿನ ಹರಿಸುತ್ತಾರೆ ಎಂಬುದರ ಮೇಲೆ ಭತ್ತದ ಸಸಿಮಡಿಯ ಲೆಕ್ಕವೆಲ್ಲ ನಿಂತಿದೆ. ಹಿಂದೆ ಇಂಥ ಆಜ್ಞೆಗಳು ಲಕೋಟೆಯಲ್ಲಿ ಬರುತ್ತಿದ್ದವು. ಗುಮಾಸ್ತರ ಮೇಜು, ಮೊಹರು, ಜವಾನನ ಚೀಲ ಇಷ್ಟನ್ನೂ ದಾಟಬೇಕಾಗಿತ್ತು. ಈಗ ಸರ್ಕಾರಿ ಕಚೇರಿಗಳ ಎಷ್ಟೋ ವ್ಯವಹಾರ ಅಧಿಕಾರಿಯ ಅಂಗೈಯಲ್ಲಿರುವ ಮೊಬೈಲಿನ ವಾಟ್ಸಾಪ್ ಗುಂಪುಗಳಲ್ಲಿಯೇ ಮುಗಿದುಹೋಗುತ್ತದೆ. ಅನುಕೂಲವೇನೋ ಹೌದು. ಆದರೆ ಅದೇ ಮೊಬೈಲಿನಲ್ಲಿ ಮಗಳ ಶಾಲೆಯ ಗುಂಪೂ ಉಂಟು, ಬೀಗರ ಗುಂಪೂ ಉಂಟು!

ಬೆರಳು ತಪ್ಪಿದರೆ ಏನಾದೀತೆಂಬುದನ್ನು ಲೋಕವೆಲ್ಲ ಕಂಡದ್ದು 2025ರ ಮಾರ್ಚ್ ತಿಂಗಳಲ್ಲಿ. ಯೆಮೆನಿನ ಹೂತಿಗಳ ಮೇಲೆ ದಾಳಿ ನಡೆಸುವ ಆಲೋಚನೆಗಾಗಿ ಅಮೆರಿಕದ ಅತ್ಯುನ್ನತ ಅಧಿಕಾರಿಗಳು ಸಿಗ್ನಲ್ ಎಂಬ ತಂತ್ರಾಂಶದಲ್ಲಿ ಗುಂಪೊಂದನ್ನು ಕಟ್ಟಿಕೊಂಡರು. ರಾಷ್ಟ್ರೀಯ ಭದ್ರತಾ ಸಲಹೆಗಾರ ಮೈಕೆಲ್ ವಾಲ್ಟ್ಜ್ ಅವರ ಖಾತೆಯಿಂದ ಅದಕ್ಕೆ ಸೇರಿಸಲ್ಪಟ್ಟವರಲ್ಲಿ ‘ದಿ ಅಟ್ಲಾಂಟಿಕ್’ ಪತ್ರಿಕೆಯ ಸಂಪಾದಕ ಜೆಫ್ರಿ ಗೋಲ್ಡ್‌ಬರ್ಗ್ ಅವರೂ ಒಬ್ಬರು! 15ರಂದು ರಕ್ಷಣಾ ಕಾರ್ಯದರ್ಶಿ ಪೀಟ್ ಹೆಗ್ಸೆತ್ ಯುದ್ಧವಿಮಾನಗಳು ಹೊರಡುವ ವೇಳೆಯನ್ನೇ ಅಲ್ಲಿ ಬರೆದರು. ಪತ್ರಿಕೆಯವರ ಮುಂದೆ ಬಾಯಿ ಬಿಡದವರು ಪತ್ರಿಕೆಯ ಸಂಪಾದಕನ ಕೈಗೇ ಎಲ್ಲವನ್ನೂ ಬರೆದುಕೊಟ್ಟಂತಾಯಿತು. 24ರಂದು ಸಂಪಾದಕರು ವಿಷಯವನ್ನು ಪ್ರಕಟಿಸಿದರು. ಮೇ 1ರಂದು ವಾಲ್ಟ್ಜ್ ಆ ಹುದ್ದೆಯನ್ನು ಬಿಡಬೇಕಾಗಿ ಬಂತು.

ಇಲ್ಲಿ ಸಿಗ್ನಲ್ಲಿನ ಬೀಗವನ್ನು ಯಾರೂ ಮುರಿಯಲಿಲ್ಲ. ಕಳುಹಿಸುವವನ ಸಾಧನದಲ್ಲಿ ಗೂಢಲಿಪಿಯಾದ ಸಂದೇಶ ಪಡೆಯುವವನ ಸಾಧನದಲ್ಲಿ ಮಾತ್ರ ತೆರೆದುಕೊಳ್ಳುತ್ತದೆ. ನಡುದಾರಿಯಲ್ಲಿ ಕದ್ದವನಿಗೆ ಅದು ಬರಿಯ ಗೋಜಲು. ಪಾಪ, ತಂತ್ರಾಂಶವೇನು ಮಾಡೀತು? ಕರೆದು ಕೂರಿಸಿದವನನ್ನು ಅದು ಅತಿಥಿಯೆಂದೇ ತಿಳಿಯುತ್ತದೆ.

ದಾರಿಯನ್ನು ಬಿಟ್ಟು ಮೊಬೈಲಿನೊಳಕ್ಕೇ ನುಗ್ಗುವ ವಿದ್ಯೆ ಬೇರೊಂದಿದೆ. ಇಸ್ರೇಲಿನ ಎನ್‌ಎಸ್‌ಒ ಸಂಸ್ಥೆಯ ಪೆಗಾಸಸ್ ಅಂಥದು. 2019ರಲ್ಲಿ ಕರ್ನಾಟಕದ ಸಮ್ಮಿಶ್ರ ಸರ್ಕಾರ ಉರುಳಿದ ಕಾಲದಲ್ಲಿ ಉಪಮುಖ್ಯಮಂತ್ರಿಯಾಗಿದ್ದ ಜಿ. ಪರಮೇಶ್ವರ ಅವರ ದೂರವಾಣಿ ಸಂಖ್ಯೆ ಅದರ ಸಂಭಾವ್ಯ ಗುರಿಗಳ ಪಟ್ಟಿಯಲ್ಲಿತ್ತೆಂದು 2021ರ ಜುಲೈನಲ್ಲಿ ವರದಿಯಾಯಿತು. ಪಟ್ಟಿಯಲ್ಲಿ ಸಂಖ್ಯೆಯಿದ್ದ ಮಾತ್ರಕ್ಕೆ ಮೊಬೈಲಿನೊಳಗೆ ಕಳ್ಳ ಹೊಕ್ಕಿದ್ದನೆಂದು ಸಿದ್ಧವಾಗದು. ಆದರೂ ಕದ್ದಾಲಿಕೆಯ ಮಾತು ಕನ್ನಡಿಗರಿಗೆ ಹೊಸದಲ್ಲ. 1988ರ ಆಗಸ್ಟಿನಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಪದವಿಗೆ ರಾಜೀನಾಮೆ ಕೊಟ್ಟದ್ದು ಅದೇ ಆರೋಪದ ಸುಳಿಯಲ್ಲಿ.

ಸರ್ಕಾರಿ ನೌಕರರಿಗೆಂದು ರಾಷ್ಟ್ರೀಯ ಮಾಹಿತಿ ಕೇಂದ್ರವು ‘ಸಂದೇಶ್’ ಎಂಬ ತಂತ್ರಾಂಶವನ್ನು ರೂಪಿಸಿದೆ. ಬಳಸುವ ಅಭ್ಯಾಸ ಬೆಳೆಸುವುದೇ ಕಷ್ಟ. ಮಲೆಬೆನ್ನೂರಿನಂಥ ಊರಿನಲ್ಲಿ ಯುದ್ಧವಿಮಾನದ ಗುಟ್ಟಿಲ್ಲ, ನಿಜ. ಆದರೆ ರೈತನ ಪಹಣಿ, ಆಧಾರ್ ಪ್ರತಿ, ಬ್ಯಾಂಕಿನ ಪುಸ್ತಕದ ಮೊದಲ ಪುಟ, ವಿಧವೆಯ ಪಿಂಚಣಿಯ ಅರ್ಜಿ ಇವು ಒಂದು ಗುಂಪಿನಿಂದ ಇನ್ನೊಂದಕ್ಕೆ ಚಿತ್ರವಾಗಿ ಹಾರಬಲ್ಲವು. ವರ್ಗವಾಗಿ ಹೋಗುವ ನೌಕರನಿಂದ ಕಚೇರಿಯ ಬೀರುವಿನ ಕೀಲಿಕೈಯನ್ನು ಸಹಿ ಹಾಕಿಸಿ ಹಿಂದಕ್ಕೆ ಪಡೆಯುವುದುಂಟು. ಗುಂಪಿನಲ್ಲಿರುವ ಅವನ ಹೆಸರನ್ನು ತೆಗೆಯಬೇಕಾದವರು ಯಾರೆಂದು ಕೇಳಿದರೆ ಮಾತ್ರ ಒಬ್ಬರು ಇನ್ನೊಬ್ಬರ ಮುಖ ನೋಡುತ್ತಾರೆ.