ಸೌನಾ ಒಳಗೆ ಬಾಯಿ ಬಿಟ್ಟ ಸಹೋದ್ಯೋಗಿ
ಟಾಂಪೆರೆಗೆ ಕೆಲಸಕ್ಕೆ ಬಂದಾಗಿನಿಂದ ಎಲ್ಲರದೂ ಒಂದೇ ಪ್ರಶ್ನೆ, ‘ಸೌನಾಗೆ ಹೋದ್ಯಾ?’ ಸುಮಾರು 55 ಲಕ್ಷ ಜನರಿರುವ ಫಿನ್‌ಲ್ಯಾಂಡಿನಲ್ಲಿ 30 ಲಕ್ಷದಷ್ಟು ಸೌನಾಗಳಿವೆ. ಫ್ಲ್ಯಾಟುಗಳಲ್ಲಿ ಕರೆಂಟಿನವೇ ಜಾಸ್ತಿ. ನನ್ನ ಟೀಮಿನ ಹಿರಿಯರೊಬ್ಬರು ಕರ್ಕೊಂಡು ಹೋಗಿದ್ದು ಮಾತ್ರ 1906ರಲ್ಲಿ ಶುರುವಾದ, ಸೌದೆ ಉರಿಸುವ ರಾಯಾಪೋರ್ಟಿಗೆ.

ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ ಕೋಣೆ. ಒಳಗೆ ಮೈಮೇಲೆ ಬಟ್ಟೆ ಇಲ್ಲ. ಬಚ್ಚಲಲ್ಲೂ ಟವೆಲ್ ಸುತ್ತಿಕೊಂಡೇ ಬೆಳೆದ ನನಗೆ ಹತ್ತು ನಿಮಿಷ ಬೇಕಾಯ್ತು! ಯಾರೂ ತಿರುಗಿ ನೋಡಲಿಲ್ಲ ಅನ್ನಿ.

ಕಾದ ಕಲ್ಲಿಗೆ ನೀರು ಎರಚಿದಾಗ ಏಳುವ ಹಬೆಗೆ ‘ಲೋಯ್ಲು’ ಅಂತಾರೆ. ಆ ಪದಕ್ಕೆ ಹಿಂದೆ ಉಸಿರು, ಜೀವ ಎಂಬ ಅರ್ಥವೂ ಇತ್ತು. ಬರ್ಚ್ ಸೊಪ್ಪಿನ ಕಟ್ಟಿನಿಂದ ಮೈಗೆ ಬಡಿದುಕೊಳ್ಳುವುದು ರಷ್ಯಾದ ಬಾನ್ಯಾದಲ್ಲೂ ಉಂಟು.

ಆಫೀಸಲ್ಲಿ ಎರಡು ಮಾತಿಗಿಂತ ಹೆಚ್ಚು ಆಡದ ಅವರು, ‘ನಮ್ಮಜ್ಜಿ ಹುಟ್ಟಿದ್ದು ಸೌನಾದಲ್ಲೇ’ ಅಂದರು. ಬೆಚ್ಚಗೆ, ಶುಚಿಯಾಗಿ, ಬಿಸಿನೀರು ಸಿಗುವ ಜಾಗ ಅದು, ಹೆರಿಗೆಯೂ ಅಲ್ಲೇ ಆಗ್ತಿತ್ತು. ಸತ್ತವರಿಗೆ ಕೊನೆಯ ಸ್ನಾನವೂ ಅಲ್ಲೇ. ಸ್ವಲ್ಪ ಹೊತ್ತು ಬಿಟ್ಟು, ‘ಅಪ್ಪ ಹೋಗಿ ಮೂರು ವಾರ ಆಯ್ತು’ ಅಂದರು. ಟೀಮಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಾನು ಏನೂ ಹೇಳಲಿಲ್ಲ, ಅವರು ಇನ್ನೊಂದು ಸೌಟು ನೀರು ಹಾಕಿದರು.

ನೀವು ಹೋಗೋದಾದ್ರೆ ಕೆಳಗಿನ ಮೆಟ್ಟಿಲಲ್ಲೇ ಕೂತು ಶುರು ಮಾಡಿ, ಮೇಲೆ ಹೋದಷ್ಟೂ ಕಾವು ಜಾಸ್ತಿ. ಬಿಪಿ, ಹೃದಯದ ತೊಂದರೆ ಇದ್ದರೆ ಮೊದಲು ಡಾಕ್ಟರನ್ನು ಕೇಳಿ.