ಇಂಗ್ಲಿಷ್ ಕ್ಲಾಸ್‌ನಲ್ಲಿ ಗೆಳೆತನದ ಪಾಠ

‘ಮೈ ಬೆಸ್ಟ್ ಫ್ರೆಂಡ್’ ಅಂತ ತಲೆಬರಹ ಹಾಕಿ ಹತ್ತು ಸಾಲು ಬರೆಯದೆ ನಮ್ಮಲ್ಲಿ ಶಾಲೆ ಮುಗಿಸಿದವರು ಕಡಿಮೆ. ಗೈಡ್‌ನಲ್ಲಿದ್ದ ಆ ಗೆಳೆಯ ನೆನಪಿದ್ದಾನಾ? ಬೆಳಗ್ಗೆ ಬೇಗ ಏಳ್ತಾನೆ, ಸುಳ್ಳು ಹೇಳಲ್ಲ, ಓದಿನಲ್ಲಿ ಫಸ್ಟ್, ದೊಡ್ಡವರಿಗೆ ಗೌರವ ಕೊಡ್ತಾನೆ. ಅವನಪ್ಪ ಡಾಕ್ಟರ್, ಅಮ್ಮ ಟೀಚರ್. ನಲವತ್ತು ಮಕ್ಕಳಿದ್ದ ತರಗತಿಯಲ್ಲಿ ನಲವತ್ತು ಜನರಿಗೂ ಅವನೊಬ್ಬನೇ ಗೆಳೆಯ! ಪಕ್ಕದಲ್ಲೇ ಕೂತು ನಮ್ಮ ಡಬ್ಬಿಯ ಚಿತ್ರಾನ್ನ ಖಾಲಿ ಮಾಡುತ್ತಿದ್ದ, ಹೋಂವರ್ಕ್ ಕಾಪಿ ಮಾಡೋಕೆ ಕೊಡುತ್ತಿದ್ದ, ವಾರಕ್ಕೊಮ್ಮೆ ಟೂ ಬಿಡುತ್ತಿದ್ದ ನಿಜವಾದ ಗೆಳೆಯನಿಗೆ ಆ ಹತ್ತು ಸಾಲಿನಲ್ಲಿ ಜಾಗವೇ ಇರಲಿಲ್ಲ.

ತಮಾಷೆಯ ಮಾತು ಬಿಡಿ. ನಮ್ಮ ಇಂಗ್ಲಿಷ್ ತರಗತಿಗಳು ಗೆಳೆತನವನ್ನು ಒಂದು ‘ಟಾಪಿಕ್’ ಅಂತ ಕಲಿಸುತ್ತವೆ. ಆದರೆ ಅದೇ ತರಗತಿಯಲ್ಲಿ ಗೆಳೆತನಕ್ಕೆ ದಿನಾ ಪೆಟ್ಟು ಬೀಳುತ್ತಿರುತ್ತದೆ. ಯಾರೋ ಎದ್ದು ನಿಂತು ಓದುವಾಗ ಒಂದು ಪದ ತಪ್ಪಿದರೆ ಹಿಂದಿನ ಬೆಂಚಿನಿಂದ ಕಿಸಕ್ಕನೆ ನಗು. ಮಾರನೇ ದಿನದಿಂದ ಆ ಹುಡುಗಿ ಬಾಯಿ ತೆರೆಯಲ್ಲ. ಗಣಿತದಲ್ಲಿ ಲೆಕ್ಕ ತಪ್ಪಿದರೆ ಹೀಗೆ ಯಾರೂ ನಗಲ್ಲ, ಗಮನಿಸಿದ್ದೀರಾ?

ಕನ್ನಡ ಮೀಡಿಯಂನಲ್ಲಿ ಓದಿ ಇಂಜಿನಿಯರಿಂಗ್ ಸೇರಿದವರಿಗೆ ಇದರ ಮುಂದಿನ ಭಾಗವೂ ಗೊತ್ತು. ಮೊದಲ ಸೆಮಿಸ್ಟರ್ ಮುಗಿಯುವಷ್ಟರಲ್ಲಿ ಕ್ಯಾಂಟೀನಿನ ಟೇಬಲ್‌ಗಳೇ ಬೇರೆಯಾಗಿರುತ್ತವೆ. ಇಂಗ್ಲಿಷ್ ಬರುವವರದ್ದು ಒಂದು, ಬರದವರದ್ದು ಇನ್ನೊಂದು. ಆಫೀಸಿನಲ್ಲೂ ಅಷ್ಟೇ, ಎಲ್ಲ ಗೊತ್ತಿದ್ದೂ ಮೀಟಿಂಗ್ ಪೂರ್ತಿ ಮ್ಯೂಟ್‌ನಲ್ಲಿ ಕೂತಿರುವವರನ್ನು ನಾವೆಲ್ಲ ನೋಡಿದ್ದೇವೆ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಇದೆ. ಭಾಷೆಯೇನೋ ಬೇಗ ಶುರುವಾಯಿತು. ಆದರೆ ನಮ್ಮ ಮಕ್ಕಳನ್ನು ಎರಡು ಗುಂಪು ಮಾಡುವ ಭಾಷೆ ಇದೇ ಆಗಿದ್ದರೆ, ಅವರನ್ನು ಹತ್ತಿರ ತರುವ ಪಾಠವೂ ಇದೇ ತರಗತಿಯಲ್ಲಿ ಆಗಬೇಕಲ್ವಾ?

ಶನಿವಾರ ಬೆಳಗ್ಗೆ ಊರಾಚೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಸ್ವಯಂಸೇವಕನಾಗಿ ಇಂಗ್ಲಿಷ್ ಹೇಳಿಕೊಡುವ ನನಗೆ ಕೆಲಸಕ್ಕೆ ಬಂದ ಕೆಲವು ದಾರಿಗಳು ಇಲ್ಲಿವೆ. ಯಾವುದೂ ನಾನು ಕಂಡುಹಿಡಿದಿದ್ದಲ್ಲ.

ಒಬ್ಬರ ಹತ್ತಿರ ಒಂದೇ ತುಂಡು

1971ರಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್ ನಗರದ ಶಾಲೆಗಳಲ್ಲಿ ದೊಡ್ಡ ಗೊಂದಲ. ಅಲ್ಲಿಯವರೆಗೆ ಬೇರೆ ಬೇರೆ ಓದುತ್ತಿದ್ದ ಬಿಳಿಯ, ಕಪ್ಪು ಮತ್ತು ಮೆಕ್ಸಿಕನ್ ಮೂಲದ ಮಕ್ಕಳು ಮೊದಲ ಸಲ ಒಂದೇ ತರಗತಿಗೆ ಬಂದಿದ್ದರು. ಅಂಗಳದಲ್ಲಿ ಹೊಡೆದಾಟ, ಒಳಗೆ ಅಪನಂಬಿಕೆ. ಸಹಾಯಕ್ಕೆ ಕರೆಸಿದ್ದು ಮನಶ್ಶಾಸ್ತ್ರಜ್ಞ ಎಲಿಯಟ್ ಆರನ್ಸನ್ ಅವರನ್ನು. ಅವರು ಮೊದಲು ಮಾಡಿದ ಕೆಲಸ, ಹಿಂದೆ ಕೂತು ಪಾಠ ನೋಡಿದ್ದು. ಟೀಚರ್ ಪ್ರಶ್ನೆ ಕೇಳ್ತಾರೆ, ಆರೇಳು ಕೈ ಮೇಲೇಳುತ್ತವೆ. ಒಬ್ಬರಿಗೆ ಅವಕಾಶ, ಉಳಿದವರ ಮುಖ ಬಾಡುತ್ತದೆ. ಆ ಒಬ್ಬರು ತಪ್ಪು ಹೇಳಿದರೆ ಮತ್ತೆ ಎಲ್ಲರಿಗೂ ಖುಷಿ. ಮಕ್ಕಳು ಕೆಟ್ಟವರಲ್ಲ, ಆಟದ ನಿಯಮವೇ ಹಾಗಿದೆ ಅಂತ ಅವರಿಗೆ ಅನ್ನಿಸಿತು.

ಆದ್ದರಿಂದ ನಿಯಮವನ್ನೇ ಬದಲಿಸಿದರು. ಪಾಠವನ್ನು ತುಂಡು ಮಾಡಿ, ಗುಂಪಿನ ಒಬ್ಬೊಬ್ಬರಿಗೆ ಒಂದೊಂದೇ ತುಂಡು ಕೊಟ್ಟರು. ಪರೀಕ್ಷೆ ಮಾತ್ರ ಪೂರ್ತಿ ಪಾಠದ ಮೇಲೆ. ಅಂದರೆ ಪಕ್ಕದವರು ಹೇಳಿಕೊಡದೆ ಯಾರಿಗೂ ಪಾಠ ಪೂರ್ತಿಯಾಗಲ್ಲ. ಇದರ ಹೆಸರೇ ‘ಜಿಗ್‌ಸಾ ತರಗತಿ’.

ಆರನ್ಸನ್ ತಮ್ಮ ಬರಹದಲ್ಲಿ ಕಾರ್ಲೋಸ್ ಅಂತ ಕರೆಯುವ ಒಬ್ಬ ಹುಡುಗನ ಕತೆ ಇದೆ. ಅವನಿಗೆ ಇಂಗ್ಲಿಷ್ ಎರಡನೇ ಭಾಷೆ, ತಡವರಿಸುತ್ತಿದ್ದ. ಗುಂಪಿನವರು ಮೊದಲು ಆಡಿಕೊಂಡರು. ಆಗ ಅಲ್ಲಿದ್ದ ಸಹಾಯಕರು ಬೈಯಲಿಲ್ಲ, ಉಪದೇಶ ಮಾಡಲಿಲ್ಲ. ಪರೀಕ್ಷೆಗೆ ಇನ್ನು ಸ್ವಲ್ಪ ಹೊತ್ತಿದೆ, ಅವನಿಗೆ ಗೊತ್ತಿರೋದು ನಿಮಗೆ ಬೇಕು ಅಂತ ನೆನಪಿಸಿದರು, ಅಷ್ಟೇ. ನಿಧಾನವಾಗಿ ಮಕ್ಕಳು ಅವನಿಗೆ ಸರಿಯಾದ ಪ್ರಶ್ನೆ ಕೇಳುವುದನ್ನು ಕಲಿತರು. ಪ್ರಶ್ನೆ ಸರಿಯಾದಾಗ ಉತ್ತರವೂ ಸಲೀಸಾಯಿತು. ಕೆಲವು ವಾರಗಳಲ್ಲಿ ಅವರಿಗೆ ಗೊತ್ತಾಗಿದ್ದು, ಕಾರ್ಲೋಸ್ ತಾವಂದುಕೊಂಡಿದ್ದಕ್ಕಿಂತ ತುಂಬಾ ಜಾಣ. ಅವನಿಗೂ ಅವರು ಇಷ್ಟವಾಗತೊಡಗಿದರು.

ನಮ್ಮ ತರಗತಿಗೆ ಇದು ಹೇಗೆ ಹೊಂದುತ್ತೆ ನೋಡಿ. ಮೂವತ್ತು ಮಕ್ಕಳಿದ್ದರೆ ಐದೈದರಂತೆ ಆರು ಗುಂಪು. ಒಂದು ಕತೆಯನ್ನು ಐದು ಚೀಟಿ ಮಾಡಿ. ಮೊದಲು ಒಂದನೇ ಚೀಟಿಯವರೆಲ್ಲ ಒಂದು ಕಡೆ, ಎರಡನೆಯವರೆಲ್ಲ ಇನ್ನೊಂದು ಕಡೆ ಕೂತು ಅರ್ಥ ಮಾಡಿಕೊಳ್ಳಲಿ. ಕನ್ನಡದಲ್ಲೇ ಚರ್ಚೆ ಮಾಡಿದರೂ ಪರವಾಗಿಲ್ಲ. ಆಮೇಲೆ ತಮ್ಮ ಗುಂಪಿಗೆ ವಾಪಸ್ ಬಂದು ನಾಲ್ಕೈದು ಇಂಗ್ಲಿಷ್ ವಾಕ್ಯಗಳಲ್ಲಿ ಹೇಳಲಿ. ಗುಂಪನ್ನು ಮಾತ್ರ ನೀವೇ ಮಾಡಿ, ಮಕ್ಕಳ ಆಯ್ಕೆಗೆ ಬಿಡಬೇಡಿ. ಹುಡುಗರು ಹುಡುಗಿಯರು ಬೇರೆ, ಈ ಕೇರಿಯವರು ಆ ಕೇರಿಯವರು ಬೇರೆ, ಹೀಗೆ ಊರಿನ ಗೆರೆಗಳೆಲ್ಲ ಬೆಂಚಿನ ಮೇಲೂ ಇರುತ್ತವೆ. ಯಾರು ಯಾರ ಮನೆಗೆ ಊಟಕ್ಕೆ ಹೋಗಬಹುದು ಅನ್ನುವುದು ಎಷ್ಟೋ ಕಡೆ ಇವತ್ತಿಗೂ ಗೆಳೆತನದ ಗಡಿ. ಒಂದು ಚೀಟಿಯಿಂದ ಅದು ಅಳಿಸಿ ಹೋಗಲ್ಲ. ಆದರೆ ಆ ಗಡಿಯಾಚೆಯ ಹುಡುಗನ ಹತ್ತಿರ ತನಗೆ ಬೇಕಾದ್ದೇನೋ ಇದೆ ಅಂತ ಒಂದು ಪೀರಿಯಡ್ ಆದರೂ ಅನ್ನಿಸುತ್ತೆ.

ಕತೆ ಯಾವುದು?

ನನ್ನ ಮೊದಲ ಆಯ್ಕೆ ಓ. ಹೆನ್ರಿಯ ‘ಆಫ್ಟರ್ ಟ್ವೆಂಟಿ ಇಯರ್ಸ್’. 1906ರ ‘ದಿ ಫೋರ್ ಮಿಲಿಯನ್’ ಸಂಕಲನದಲ್ಲಿರುವ ಪುಟ್ಟ ಕತೆ. ಇಪ್ಪತ್ತು ವರ್ಷ ಆದ್ಮೇಲೆ ಇದೇ ಜಾಗದಲ್ಲಿ ಸಿಗೋಣ ಅಂತ ನ್ಯೂಯಾರ್ಕ್‌ನ ಇಬ್ಬರು ಗೆಳೆಯರು ಮಾತು ಕೊಟ್ಟಿರುತ್ತಾರೆ. ಬಾಬ್ ಸಾವಿರ ಮೈಲಿ ಪ್ರಯಾಣ ಮಾಡಿ ಬಂದು ಕಾಯುತ್ತಾನೆ. ಗಸ್ತಿನ ಪೊಲೀಸ್ ಒಬ್ಬ ಬಂದು ಮಾತಾಡಿಸಿ ಹೋಗುತ್ತಾನೆ. ಸ್ವಲ್ಪ ಹೊತ್ತಿಗೆ ಉದ್ದ ಕೋಟಿನ ಇನ್ನೊಬ್ಬ ಬಂದು, ತಾನೇ ಜಿಮ್ಮಿ ಅಂತ ಕೈ ಹಿಡಿಯುತ್ತಾನೆ. ಔಷಧಿ ಅಂಗಡಿಯ ದೀಪದ ಬೆಳಕಿನಲ್ಲಿ ಬಾಬ್‌ಗೆ ಗೊತ್ತಾಗುತ್ತೆ, ಇವನು ಜಿಮ್ಮಿ ಅಲ್ಲ, ತನ್ನನ್ನು ಹಿಡಿಯಲು ಬಂದ ಪೊಲೀಸ್. ಕೊನೆಗೆ ಅವನ ಕೈಗೊಂದು ಚೀಟಿ ಬರುತ್ತೆ. ಮೊದಲು ಬಂದಿದ್ದ ಗಸ್ತಿನ ಪೊಲೀಸನೇ ಜಿಮ್ಮಿ! ಬೆಂಕಿಕಡ್ಡಿಯ ಬೆಳಕಿನಲ್ಲಿ ಗೆಳೆಯನ ಮುಖ ನೋಡಿ, ಶಿಕಾಗೋ ಪೊಲೀಸರು ಹುಡುಕುತ್ತಿರುವ ಆರೋಪಿ ಇವನೇ ಅಂತ ಗುರುತಿಸಿದ್ದಾನೆ. ತನ್ನ ಕೈಯಾರೆ ಹಿಡಿಯಲು ಮನಸ್ಸಾಗದೆ ಬೇರೆಯವನನ್ನು ಕಳಿಸಿದ್ದಾನೆ.

ಕತೆಯ ಗುಟ್ಟೆಲ್ಲ ಇರುವುದು ಕೊನೆಯ ಚೀಟಿಯಲ್ಲಿ. ಆ ತುಂಡನ್ನು ತರಗತಿಯಲ್ಲಿ ಮಾತೇ ಆಡದ ಮಕ್ಕಳಿಗೆ ಕೊಡಿ. ಉಳಿದ ನಾಲ್ವರೂ ‘ಆಮೇಲೆ? ಆಮೇಲೆ?’ ಅಂತ ಅವರ ಬಾಯನ್ನೇ ನೋಡುತ್ತಾರೆ. ಒಮ್ಮೆ ಹೀಗೆ ಚೀಟಿ ಹಿಡಿದ ಹುಡುಗಿಯೊಬ್ಬಳು ಭೂತಕಾಲ, ವರ್ತಮಾನಕಾಲ ಎಲ್ಲ ಕಲಸಿಯೇ ಕತೆ ಮುಗಿಸಿದಳು. ಯಾರೂ ನಗಲಿಲ್ಲ. ನಗೋಕೆ ಅವರಿಗೆ ಪುರುಸೊತ್ತೇ ಇರಲಿಲ್ಲ.

ಆಮೇಲೆ ನಿಜವಾದ ಪ್ರಶ್ನೆ ಇಡಿ: ಜಿಮ್ಮಿ ಮಾಡಿದ್ದು ಸರಿಯಾ? ಇಲ್ಲಿ ನಮ್ಮ ಮಕ್ಕಳ ಹತ್ತಿರ ಅಮೆರಿಕದ ಮಕ್ಕಳ ಬಳಿ ಇಲ್ಲದ ಒಂದು ಅಸ್ತ್ರ ಇದೆ. ಅದು ಕರ್ಣ. ನೀನು ಕುಂತಿಯ ಮಗ, ರಾಜ್ಯ ನಿನ್ನದೇ ಅಂತ ಕೃಷ್ಣ ಹೇಳಿದರೂ ದುರ್ಯೋಧನನನ್ನು ಬಿಟ್ಟು ಬರಲ್ಲ ಅಂದವನು. ಹತ್ತನೇ ಶತಮಾನದ ಪಂಪನಿಂದ ಇವತ್ತಿನ ಯಕ್ಷಗಾನ, ಬಯಲಾಟದವರೆಗೆ ನಾವು ಕಣ್ಣಲ್ಲಿ ನೀರು ತುಂಬಿಕೊಂಡು ಮೆಚ್ಚಿದ ಗೆಳೆಯ ಅವನು. ಜಿಮ್ಮಿ ಧರ್ಮದ ಕಡೆ ನಿಂತು ಗೆಳೆಯನನ್ನು ಕಳೆದುಕೊಂಡ. ಕರ್ಣ ಗೆಳೆಯನ ಕಡೆ ನಿಂತು ಪ್ರಾಣವನ್ನೇ ಕಳೆದುಕೊಂಡ. ಯಾರು ಒಳ್ಳೆಯ ಗೆಳೆಯ? ಈ ಪ್ರಶ್ನೆಗೆ ಗೈಡ್‌ನಲ್ಲಿ ಉತ್ತರ ಇಲ್ಲ. ಹಾಗಾಗಿ ಮಕ್ಕಳು ಸ್ವಂತ ವಾಕ್ಯ ಕಟ್ಟಲೇಬೇಕು. ‘ಐ ಥಿಂಕ್’, ‘ಬಿಕಾಸ್’, ‘ಬಟ್’ ಈ ಮೂರು ಪದ ಕೊಟ್ಟು ಬಿಟ್ಟುಬಿಡಿ. ಗೆಳೆಯ ಕಾಪಿ ಹೊಡೆದರೆ ಹೇಳಬೇಕಾ, ಬೇಡವಾ ಅನ್ನುವಲ್ಲಿಗೆ ಚರ್ಚೆ ತಾನಾಗಿಯೇ ಬರುತ್ತೆ.

ಇನ್ನೊಂದು ಕತೆ ಆಸ್ಕರ್ ವೈಲ್ಡ್‌ನ ‘ದಿ ಡಿವೋಟೆಡ್ ಫ್ರೆಂಡ್’, 1888ರದ್ದು. ಹಿಟ್ಟಿನ ಗಿರಣಿಯ ಹ್ಯೂ ಬಾಯಿ ತೆರೆದರೆ ಗೆಳೆತನದ ಬಗ್ಗೆ ಭಾಷಣ. ಪುಟ್ಟ ಹ್ಯಾನ್ಸ್‌ನ ತೋಟದಿಂದ ಹೂವು, ಹಣ್ಣು ಬಾಚಿಕೊಂಡು ಹೋಗುತ್ತಾನೆ. ಚಳಿಗಾಲದಲ್ಲಿ ಹ್ಯಾನ್ಸ್ ಹಸಿದಿದ್ದಾಗ ಮಾತ್ರ ಆ ಕಡೆ ತಲೆ ಹಾಕಲ್ಲ. ಮುರುಕಲು ತಳ್ಳುಗಾಡಿ ಕೊಡ್ತೀನಿ ಅಂತ ಆಸೆ ತೋರಿಸಿ ಬಿಟ್ಟಿ ದುಡಿಸಿಕೊಳ್ಳುತ್ತಾನೆ. ಕೊನೆಗೆ ಬಿರುಗಾಳಿಯ ರಾತ್ರಿ ಡಾಕ್ಟರನ್ನು ಕರೆತರಲು ಕಳಿಸಿ, ಹ್ಯಾನ್ಸ್ ನೀರಿನಲ್ಲಿ ಮುಳುಗಿ ಸತ್ತರೂ ತನಗಾದ ನಷ್ಟವನ್ನೇ ಹೇಳಿಕೊಳ್ಳುತ್ತಾನೆ. ಹದಿಹರೆಯದವರಿಗೆ ಇದನ್ನು ಹೇಳಲೇಬೇಕು. ಬಿಟ್ಟು ಕೊಡುವುದೇ ಗೆಳೆತನ ಅಂತ ಕಲಿಸುವಷ್ಟು ಸುಲಭವಾಗಿ, ‘ಆಗಲ್ಲ’ ಅನ್ನುವುದನ್ನು ನಾವು ಮಕ್ಕಳಿಗೆ ಕಲಿಸಲ್ಲ. ಹ್ಯಾನ್ಸ್ ಎಲ್ಲೆಲ್ಲಿ ‘ನೋ’ ಅನ್ನಬಹುದಿತ್ತು ಅಂತ ಗುರುತು ಮಾಡಿಸಿ. ಆ ‘ನೋ’ವನ್ನು ಮನಸ್ಸು ನೋಯದಂತೆ ಇಂಗ್ಲಿಷ್‌ನಲ್ಲಿ ಹೇಗೆ ಹೇಳೋದು ಅನ್ನುವುದು ಮುಂದಿನ ಪಾಠ.

ಟೂ ಬಿಟ್ಟಿದ್ದಕ್ಕೆ ಇಂಗ್ಲಿಷ್‌ನಲ್ಲಿ ಏನಂತಾರೆ?

ಕನ್ನಡದಲ್ಲಿ ಸಲುಗೆ ಇರುವುದು ಮಾತಿನ ಬಾಲದಲ್ಲಿ. ‘ನೀವು’ ಹೋಗಿ ‘ನೀನು’ ಬರುತ್ತೆ, ‘ಬಾ’ ಹೋಗಿ ‘ಬಾರೋ’, ‘ಬಾರೇ’ ಬರುತ್ತೆ. ‘ಪೆನ್ ಕೊಡೋ’ ಅಂದರೆ ಆಜ್ಞೆ ಅಲ್ಲ, ಪ್ರೀತಿ. ಇಂಗ್ಲಿಷ್‌ನಲ್ಲಿ ಎಲ್ಲರಿಗೂ ಒಂದೇ ‘ಯು’. ಅದಕ್ಕೇ ‘ಗಿವ್ ಪೆನ್’ ಅಂದಾಗ ಗದರಿದ ಹಾಗೆ ಕೇಳಿಸುತ್ತೆ. ‘ಕ್ಯಾನ್ ಐ ಬಾರೋ ಯುವರ್ ಪೆನ್’ ಅನ್ನುವುದು ಬರೀ ವ್ಯಾಕರಣ ಅಲ್ಲ, ಗೆಳೆಯರ ನಡುವಿನ ಮರ್ಯಾದೆ.

ಜಗಳದ ಪದಗಳನ್ನೂ ಕಲಿಸಿ. ಟೂ ಬಿಡೋದಕ್ಕೆ ‘ಫಾಲ್ ಔಟ್’, ರಾಜಿ ಆಗೋದಕ್ಕೆ ‘ಮೇಕ್ ಅಪ್’, ನಂಬಿಸಿ ಕೈ ಕೊಡೋದಕ್ಕೆ ‘ಲೆಟ್ ಡೌನ್’. ಮುಖಕ್ಕೆ ಹಚ್ಚೋ ಮೇಕಪ್ಪಿಗೂ ರಾಜಿಗೂ ಒಂದೇ ಪದ ಅಂತ ಗೊತ್ತಾದಾಗ ತರಗತಿಯಲ್ಲಿ ನಗು ಏಳುತ್ತೆ, ಪದ ಮರೆಯಲ್ಲ. ಸಿಟ್ಟಿನ ಬಗ್ಗೆ ಮಾತು ಬಂದರೆ ವಿಲಿಯಂ ಬ್ಲೇಕ್ ಕವಿಯ ‘ಎ ಪಾಯ್ಸನ್ ಟ್ರೀ’ ಇದೆ, 1794ರ ಕವಿತೆ. ಗೆಳೆಯನ ಮೇಲಿನ ಸಿಟ್ಟನ್ನು ಹೇಳಿಕೊಂಡಾಗ ಅದು ಕರಗಿ ಹೋಯಿತು, ಶತ್ರುವಿನ ಮೇಲಿನ ಸಿಟ್ಟನ್ನು ಮುಚ್ಚಿಟ್ಟಾಗ ವಿಷದ ಮರವಾಯಿತು ಅನ್ನುವುದು ಅದರ ಸಾರ.

ಇಲ್ಲೊಂದು ವಿಚಿತ್ರ ನೋಡಿದ್ದೇನೆ. ‘ನಿನ್ನ ಮಾತಿಂದ ನಂಗೆ ಬೇಜಾರಾಯ್ತು’ ಅಂತ ಕನ್ನಡದಲ್ಲಿ ಹೇಳಲು ಗಂಟಲು ಕಟ್ಟುವ ಹುಡುಗರು, ‘ಐ ಫೆಲ್ಟ್ ಬ್ಯಾಡ್’ ಅಂತ ಇಂಗ್ಲಿಷ್‌ನಲ್ಲಿ ಸಲೀಸಾಗಿ ಹೇಳುತ್ತಾರೆ. ಪರಭಾಷೆ ಅನ್ನುವುದು ಪಾತ್ರದ ವೇಷ ಇದ್ದ ಹಾಗೆ, ಒಳಗಿನ ಮಾತು ಹೇಳಲು ಧೈರ್ಯ ಕೊಡುತ್ತೆ. ಭಾಷಾಶಾಸ್ತ್ರಜ್ಞ ಸ್ಟೀಫನ್ ಕ್ರಾಷನ್ 1980ರ ದಶಕದಲ್ಲಿ ಪ್ರಚಾರಕ್ಕೆ ತಂದ ‘ಅಫೆಕ್ಟಿವ್ ಫಿಲ್ಟರ್’ ಎಂಬ ವಿಚಾರವೂ ಭಯದ ಬಗ್ಗೆಯೇ. ಅಂಜಿಕೆ, ಅವಮಾನದ ಭಯ ಇದ್ದರೆ ಕಿವಿಗೆ ಬಿದ್ದ ಭಾಷೆ ಮನಸ್ಸಿಗೆ ಇಳಿಯಲ್ಲ ಅನ್ನುತ್ತದೆ ಅದು. ತಪ್ಪಿದರೂ ನಗದ ಒಬ್ಬ ಗೆಳತಿ ಪಕ್ಕದಲ್ಲಿದ್ದರೆ ಆ ಭಯ ಅರ್ಧ ಇಳಿಯುತ್ತೆ.

ಬಸವನಹುಳು ತಂದ ಪತ್ರ

ಮನೆಯಲ್ಲಿ ಚಿಕ್ಕ ಮಕ್ಕಳಿರುವವರಿಗೆ ಆರ್ನಾಲ್ಡ್ ಲೋಬೆಲ್‌ನ ‘ಫ್ರಾಗ್ ಅಂಡ್ ಟೋಡ್ ಆರ್ ಫ್ರೆಂಡ್ಸ್’ ಪುಸ್ತಕ ಹೇಳಬೇಕು. 1970ರದ್ದು, ತುಂಬಾ ಸರಳ ಇಂಗ್ಲಿಷ್. ಅದರ ಒಂದು ಕತೆಯಲ್ಲಿ ಟೋಡ್‌ಗೆ ಯಾವತ್ತೂ ಯಾರೂ ಪತ್ರ ಬರೆದಿಲ್ಲ, ಅದಕ್ಕೇ ಬೇಜಾರು. ಫ್ರಾಗ್ ಮನೆಗೆ ಓಡಿ, ಒಂದು ಪತ್ರ ಬರೆದು ಬಸವನಹುಳುವಿನ ಕೈಗೆ ಕೊಡುತ್ತಾನೆ. ಅದು ತಲುಪಲು ನಾಲ್ಕು ದಿನ! ಪತ್ರದಲ್ಲಿ ಏನಿದೆ ಅಂತ ಫ್ರಾಗ್ ಮೊದಲೇ ಹೇಳಿಬಿಟ್ಟಿದ್ದರೂ ಇಬ್ಬರೂ ಜಗಲಿಯಲ್ಲಿ ಕೂತು ಖುಷಿಯಾಗಿ ಕಾಯುತ್ತಾರೆ.

ಪರೀಕ್ಷೆಯ ‘ಲೆಟರ್ ಟು ಎ ಫ್ರೆಂಡ್’ ಕೂಡ ಹೀಗೇ ಆಗಬಹುದು. ಇಲ್ಲದ ಅಕ್ಕನ ಮದುವೆಗೆ ಇಲ್ಲದ ಗೆಳೆಯನನ್ನು ಕರೆಯುವ ಬದಲು, ತರಗತಿಯ ಎಲ್ಲರ ಹೆಸರನ್ನೂ ಚೀಟಿ ಎತ್ತಿಸಿ, ಬಂದ ಹೆಸರಿನವರಿಗೆ ನಾಲ್ಕು ಸಾಲಿನ ಪತ್ರ ಬರೆಸಿ. ಗುಣಗಾನ ಬೇಡ, ಒಂದೇ ಒಂದು ನಡೆದ ಸಂಗತಿ ಸಾಕು: ಕಬಡ್ಡಿಯಲ್ಲಿ ಬಿದ್ದಾಗ ನೀನು ಎತ್ತಿದೆ, ಮಳೆ ಬಂದಾಗ ನಿನ್ನ ಕೊಡೆಯಲ್ಲಿ ಜಾಗ ಕೊಟ್ಟೆ. ನಿನ್ನ ಬೆಸ್ಟ್ ಫ್ರೆಂಡ್ ಯಾರು ಅಂತ ಎಲ್ಲರೆದುರು ಕೇಳಿದರೆ ಯಾರ ಬಾಯಲ್ಲೂ ಹೆಸರು ಬಾರದ ಒಂದು ಮಗು ಪ್ರತಿ ತರಗತಿಯಲ್ಲೂ ಇರುತ್ತೆ. ಚೀಟಿ ಎತ್ತಿದರೆ ಆ ಮಗುವಿಗೂ ಅವತ್ತು ಒಂದು ಪತ್ರ ಬರುತ್ತೆ. ಸ್ಪೆಲ್ಲಿಂಗ್ ತಪ್ಪಿದ್ದರೆ ಇರಲಿ ಬಿಡಿ, ಕೆಂಪು ಇಂಕಿನ ಪೆನ್ ಅವತ್ತೊಂದು ದಿನ ಜೇಬಿನಲ್ಲೇ ಇರಲಿ.