ಎರೆಹೊಲದ ದೊಡ್ಡ ಜೇಡ ಟರಾಂಟುಲಾ ಹೌದೇ?

ಇಂಗ್ಲಿಷ್ ಚಲನಚಿತ್ರಗಳಲ್ಲಿ ಅಮೆರಿಕದ ಹಳ್ಳಿಗಾಡು ಬಂತೆಂದರೆ ಮೈತುಂಬ ರೋಮವಿರುವ, ಅಂಗೈಯಗಲದ ಜೇಡವೂ ಹಿಂದೆಯೇ ಬರುತ್ತದೆ. ಅದನ್ನು ಕಂಡ ಮಕ್ಕಳಿಗೆ ಹೊಲದ ಬದುವಿನ ದೊಡ್ಡ ಜೇಡವೂ ಟರಾಂಟುಲಾ ಎನಿಸಿದರೆ ಆಶ್ಚರ್ಯವಿಲ್ಲ. ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿಗಳ ಹೊಲಮನೆಗಳಲ್ಲಿ ಕಾಣುವ ಜೇಡ ನಿಜಕ್ಕೂ ಅದೇ ಏನು?

ಅಮೆರಿಕದಲ್ಲೂ ಟರಾಂಟುಲಾ ಎಲ್ಲೆಡೆ ಇಲ್ಲ. ಟೆಕ್ಸಾಸ್, ಅರಿಝೋನಾ, ಕೊಲರಾಡೊಗಳಂಥ ಒಣ ಸೀಮೆಯೇ ಅದರ ನೆಲೆ. 2016ರ ಅಧ್ಯಯನವೊಂದು ಆ ದೇಶದಲ್ಲಿ 29 ಜಾತಿಗಳನ್ನು ಗುರುತಿಸಿತು. ಅವು ವರ್ಷದ ಬಹುಪಾಲು ಬಿಲದಲ್ಲೇ ಇರುತ್ತವೆ. ಕೆಲವೆಡೆ ಸೆಪ್ಟೆಂಬರ್ ಸುಮಾರಿಗೆ ಬಲಿತ ಗಂಡುಗಳು ಹೆಣ್ಣನ್ನು ಹುಡುಕುತ್ತ ರಸ್ತೆ ದಾಟುತ್ತವೆ. ಜನರ ಕಣ್ಣಿಗೆ ಬೀಳುವುದು ಆಗಲೇ.

ಹೆಸರಿನ ಕಥೆಯೂ ಸ್ವಾರಸ್ಯಕರ. ಇಟಲಿಯ ಟರಾಂಟೊ ಪಟ್ಟಣದಿಂದ ಬಂದ ಈ ಹೆಸರು ಮೊದಲು ಸಂದದ್ದು ‘ತೋಳ ಜೇಡ’ಕ್ಕೆ! ಅಮೆರಿಕದ ರೋಮಶ ಜೇಡಗಳಿಗೆ ಅದು ಅಂಟಿಕೊಂಡದ್ದು ಅನಂತರ.

ಕರ್ನಾಟಕದಲ್ಲಿಯೂ ನಿಜವಾದ ಟರಾಂಟುಲಾಗಳಿವೆ. ಬಿಲವಾಸಿಯಾದ ಥ್ರಿಗ್ಮೋಪಿಯಸ್ ಎಂಬ ಕುಲವನ್ನು ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ಪೊಕಾಕ್ 1899ರಲ್ಲಿ ವರ್ಣಿಸಿದರು. ಅದು ಪಶ್ಚಿಮ ಘಟ್ಟದ ಪ್ರಾಣಿ. ಆದ್ದರಿಂದ ಮಲೆನಾಡಿನ ಸೆರಗಿನಲ್ಲಿರುವ ಕಲಘಟಗಿಯ ಕಾಡಂಚಿನಲ್ಲಿ ಇಂಥ ಜೇಡ ಕಂಡರೆ ನಂಬಬಹುದು. ನವಲಗುಂದ, ಅಣ್ಣಿಗೇರಿಗಳ ಮಾತು ಬೇರೆ. ಎರೆಭೂಮಿ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಮೇಲೆ ಪ್ರತಿ ವರ್ಷ ಕುಂಟೆ, ನೇಗಿಲು. ಹೆಣ್ಣು ಟರಾಂಟುಲಾ ಹತ್ತಾರು ವರ್ಷ ಬದುಕಬಲ್ಲದು. ಅಷ್ಟು ಕಾಲ ನಿಲ್ಲುವ ಬಿಲಕ್ಕೆ ಇದು ತಕ್ಕ ನೆಲವಲ್ಲ.

ಹಾಗಾದರೆ ಹೆಸರು, ಕಡಲೆ ಹೊಲಗಳಲ್ಲಿ ಓಡಾಡುವುದು ಯಾವುದು? ಸಾಮಾನ್ಯವಾಗಿ ತೋಳ ಜೇಡ. ರಾತ್ರಿ ಬ್ಯಾಟರಿ ಬೆಳಕು ಬಿಟ್ಟರೆ ಅದರ ಕಣ್ಣು ಹೊಳೆಯುತ್ತದೆ. ತಾಯಿ ಮರಿಗಳನ್ನು ಬೆನ್ನ ಮೇಲೆ ಹೊತ್ತು ತಿರುಗುತ್ತದೆ. ಮನೆಯ ಗೋಡೆಗೆ ಚಪ್ಪಟೆಯಾಗಿ ಅಂಟಿದ ಉದ್ದಕಾಲಿನದು ಬೇಟೆ ಜೇಡ. ಜಿರಲೆ ಅದರ ಆಹಾರ. ಇವುಗಳ ವಿಷದ ಹಲ್ಲುಗಳು ಇಕ್ಕಳದಂತೆ ಅಕ್ಕಪಕ್ಕದಿಂದ ಕೂಡುತ್ತವೆ. ಟರಾಂಟುಲಾದ ಹಲ್ಲುಗಳಾದರೋ ಗುದ್ದಲಿಯಂತೆ ಮೇಲಿನಿಂದ ಕೆಳಗಿಳಿಯುತ್ತವೆ.

ಟರಾಂಟುಲಾ ಕಡಿದರೆ ನೋವು, ಬಾವು, ಕೆಲವು ಜಾತಿಗಳಿಂದ ಸ್ನಾಯು ಸೆಳೆತ ಉಂಟಾಗುತ್ತದೆ. ಜೀವಕ್ಕೆ ಅಪಾಯವೆಂಬ ಭಯ ಬೇಡ. ನಿಜವಾದ ಅಪಾಯ ಬೇರೆಡೆ ಇದೆ. ರಾತ್ರಿ ನೆಲದ ಮೇಲೆ ಮಲಗಿದವರಿಗೆ ಕಟ್ಟುಹಾವು ಕಚ್ಚಿದರೆ ಗಾಯ ಕಾಣುವುದೇ ಕಷ್ಟ; ನೋವು, ಬಾವು ಇಲ್ಲದೆಯೂ ಇರಬಹುದು. ‘ಏನೋ ಹುಳ ಕಡಿದಿದೆ’ ಎಂದು ಮತ್ತೆ ಮಲಗಿದವರಿಗೆ ಕೆಲವು ತಾಸಿನಲ್ಲಿ ರೆಪ್ಪೆ ಜೋತುಬಿದ್ದು, ನುಂಗಲು ಕಷ್ಟವಾಗಿ, ಉಸಿರು ಕಟ್ಟುತ್ತದೆ. ಹೊಟ್ಟೆನೋವು, ವಾಂತಿಯೂ ಇರಬಹುದು. ಬೆಳಗಾಗುವವರೆಗೆ ಕಾಯದೆ, ಮಂತ್ರ-ಮದ್ದು ಎಂದು ಅಲೆಯದೆ, ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಹಾವಿನ ವಿಷಕ್ಕೆ ಪ್ರತಿವಿಷದ ಚುಚ್ಚುಮದ್ದು ಅಲ್ಲಿದೆ.

ಮಕ್ಕಳು ಬಿಲಕ್ಕೆ ಕೈ ಹಾಕಬಾರದು, ಕತ್ತಲಲ್ಲಿ ಬರಿಗಾಲಲ್ಲಿ ನಡೆಯಬಾರದು. ಜೇಡವನ್ನು ಕೊಲ್ಲುವ ಅಗತ್ಯವಂತೂ ಇಲ್ಲ. ಬೆಳೆಗೆ ಮುತ್ತುವ ಕೀಟಗಳನ್ನು ಕೂಲಿ ಕೇಳದೆ ಹಿಡಿದು ತಿನ್ನುವ ಆಳು ಅದು.